ಚಿನ್ನದ ಮೇಲೆ ಒಂದು ಹೈಡ್ರೋಜನ್ ಜಾಸ್ತಿ

ಆ ರಾತ್ರಿ ಅಣು ನೋಡಲು ಸರಿಯಾಗಿಯೇ ಇತ್ತು. ಆದರೆ ಸ್ಕ್ಯಾನಿಂಗ್ ಟನೆಲಿಂಗ್ ಸೂಕ್ಷ್ಮದರ್ಶಕದ ಚೂಪು ಸೂಜಿಯನ್ನು ಅದರ ಮೇಲೆ ನಿಲ್ಲಿಸಿ, ವೋಲ್ಟೇಜ್ ಬದಲಿಸುತ್ತಾ ಕರೆಂಟ್ ಎಷ್ಟು ಸುಲಭವಾಗಿ ಹರಿಯುತ್ತದೆ ಅಂತ ಅಳೆದಾಗ, ನಾನು ಕಾಯುತ್ತಿದ್ದ 14 ಮಿಲಿವೋಲ್ಟಿನ ಮೆಟ್ಟಿಲು ಗೆರೆಯಲ್ಲಿ ಕಾಣಲಿಲ್ಲ. ಅದರ ಬದಲು ಸೊನ್ನೆ ವೋಲ್ಟಿನಲ್ಲಿ ಚೂಪಾದ ಒಂದು ಶಿಖರ.

ಅಣು ಯಾವುದು ಅಂತ ಮೊದಲು ಹೇಳುತ್ತೇನೆ. ಆರು ಬೆಂಜೀನ್ ಉಂಗುರಗಳು ತ್ರಿಕೋನವಾಗಿ ಕೂಡಿಕೊಂಡರೆ ಅದು ಟ್ರಯಾಂಗುಲೀನ್. ಅದರ 22 ಕಾರ್ಬನ್‌ಗಳನ್ನು ರಂಗೋಲಿ ಚುಕ್ಕಿಯಂತೆ ಕಾಗದದ ಮೇಲೆ ಇಡಿ. ಅಕ್ಕಪಕ್ಕದವಕ್ಕೆ ಬೇರೆ ಬೇರೆ ಬಣ್ಣ ಹಚ್ಚಿ. ಒಂದು ಬಣ್ಣದವು 12, ಇನ್ನೊಂದರವು 10 ಆಗುತ್ತವೆ. ಪ್ರತಿ ಕಾರ್ಬನ್ನಿನ ಒಂದು ಎಲೆಕ್ಟ್ರಾನ್ ಇನ್ನೊಂದು ಬಣ್ಣದ್ದರ ಜೊತೆ ಜೋಡಿಯಾಗಬೇಕು, ಹಾಗಾಗಿ ಎರಡು ಎಲೆಕ್ಟ್ರಾನ್‌ಗಳಿಗೆ ಜೋಡಿಯೇ ಸಿಗುವುದಿಲ್ಲ. ಅಣುವಿನ ಕಾಂತಗುಣ ಬರುವುದು ಅಲ್ಲಿಂದಲೇ. ಕಬ್ಬಿಣ ಬೇಡ, ನಿಕಲ್ ಬೇಡ. ಎಷ್ಟು ಚೆಂದ ಅಲ್ವಾ!

ರಸಾಯನ ವಿಜ್ಞಾನಿ ಎರಿಕ್ ಕ್ಲಾರ್ 1953ರಲ್ಲೇ ಇದನ್ನು ಮಾಡಲು ಪ್ರಯತ್ನಿಸಿದ್ದರು. ಆದರೆ ಈ ಅಣುಗಳು ಸುಮ್ನೆ ಇರುವಂಥವಲ್ಲ, ಒಂದಕ್ಕೊಂದು ಅಂಟಿಕೊಂಡು ಹಾಳಾಗುತ್ತವೆ. 2017ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದವರು ನಿರ್ವಾತದಲ್ಲಿ, ಸೂಜಿಯ ತುದಿಯಿಂದ ಹೈಡ್ರೋಜನ್ ಕಿತ್ತು, ಒಂದೊಂದಾಗಿ ಮಾಡಿ ತೋರಿಸಿದರು. ಎರಡು ಟ್ರಯಾಂಗುಲೀನ್‌ಗಳ ಜೋಡಿಯನ್ನು ಸ್ವಿಟ್ಜರ್ಲೆಂಡಿನ ಎಂಪಾ ಸಂಶೋಧನಾ ಸಂಸ್ಥೆಯ ತಂಡ 2020ರಲ್ಲಿ ವರದಿ ಮಾಡಿತು. ನಾನು ಕಲಿಯಲೆಂದು ಮತ್ತೆ ಮಾಡಿದ್ದು ಆ ಜೋಡಿಯನ್ನೇ.

ಚಿನ್ನದ ಹರಳನ್ನು ಆರ್ಗಾನ್ ಅಯಾನುಗಳಿಂದ ಉಜ್ಜಿ, ಕಾಯಿಸಿ ಸ್ವಚ್ಛ ಮಾಡಬೇಕು. ಬ್ರೋಮಿನ್ ಇರುವ ಮೂಲ ಅಣುವಿನ ಪುಡಿಯನ್ನು ಬಿಸಿ ಮಾಡಿ ಅದರ ಮೇಲೆ ಕೂರಿಸಬೇಕು. ಸುಮಾರು 200 ಡಿಗ್ರಿಯಲ್ಲಿ ಬ್ರೋಮಿನ್ ಬಿಟ್ಟುಹೋಗಿ ಎರಡು ಅಣುಗಳು ಕೂಡುತ್ತವೆ. 300ರ ಹತ್ತಿರ ಮೀಥೈಲ್ ಗುಂಪುಗಳು ಉಂಗುರವಾಗಿ ಮುಚ್ಚಿಕೊಳ್ಳುತ್ತವೆ. ಇಲ್ಲಿ ಅವಸರ ಮಾಡಿದರೆ ಅಣುಗಳು ಅಡ್ಡಾದಿಡ್ಡಿ ಬೆಸೆದುಕೊಂಡುಬಿಡುತ್ತವೆ. ಆಮೇಲೆ ಎಲ್ಲವನ್ನೂ 4.5 ಕೆಲ್ವಿನ್‌ಗೆ ತಣಿಸಿ ಸೂಜಿಯಿಂದ ನೋಡುವುದು.

ಚಿತ್ರ ಇನ್ನೂ ಸ್ಪಷ್ಟವಾಗಲೆಂದು ಸೂಜಿಯ ತುದಿಗೆ ಒಂದು ಕಾರ್ಬನ್ ಮಾನಾಕ್ಸೈಡ್ ಅಣು ಹತ್ತಿಸಿಕೊಂಡು ಮತ್ತೆ ತೆಗೆದೆ. ಒಂದು ತ್ರಿಕೋನದ ಅಂಚು ಒಂದು ಕಡೆ ಉಬ್ಬಿತ್ತು. ಅಲ್ಲಿ ಒಂದು ಹೈಡ್ರೋಜನ್ ಜಾಸ್ತಿ ಉಳಿದಿತ್ತು! ಅದು ಒಂದು ಒಂಟಿ ಎಲೆಕ್ಟ್ರಾನನ್ನು ಕಟ್ಟಿಹಾಕಿತ್ತು. ಸರಿಯಾದ ಜೋಡಿಯಲ್ಲಿ ಎರಡೂ ತ್ರಿಕೋನಗಳ ಸ್ಪಿನ್, ಅಂದರೆ ಒಂಟಿ ಎಲೆಕ್ಟ್ರಾನ್‌ಗಳ ಪುಟ್ಟ ಕಾಂತಗುಣ, ಎದುರುಬದುರಾಗಿ ನಿಂತು ಒಂದನ್ನೊಂದು ಸೊನ್ನೆ ಮಾಡುತ್ತವೆ. ಆ ಜೋಡಣೆಯನ್ನು ಕದಲಿಸಲು ಬೇಕಾದ ಶಕ್ತಿಯೇ 14 ಮಿಲಿವೋಲ್ಟಿನ ಮೆಟ್ಟಿಲಾಗಿ ಕಾಣುವುದು. ಇಲ್ಲಿ ಲೆಕ್ಕ ತಪ್ಪಿ ಅರ್ಧ ಸ್ಪಿನ್ ಉಳಿದಿತ್ತು. ಚಿನ್ನದ ಎಲೆಕ್ಟ್ರಾನ್‌ಗಳು ಅದನ್ನು ಮುತ್ತಿಕೊಂಡಿದ್ದವು. ಸೊನ್ನೆಯ ಆ ಶಿಖರ, ಅಂದರೆ ಕೊಂಡೊ ಶಿಖರ, ಬಂದಿದ್ದು ಅದರಿಂದ.

ಸೂಜಿಯನ್ನು ಆ ಉಬ್ಬಿನ ಮೇಲೆ ನಿಲ್ಲಿಸಿ ವೋಲ್ಟೇಜ್ ನಿಧಾನವಾಗಿ ಏರಿಸಿದೆ. ಕರೆಂಟ್ ಥಟ್ಟನೆ ಬದಲಾಯಿತು, ಹೈಡ್ರೋಜನ್ ಕಿತ್ತುಬಂದಿರಬೇಕು. ಕೈ ನಡುಗುತ್ತಿತ್ತು. ಮತ್ತೆ ಅಳೆದೆ. ಶಿಖರ ಮಾಯ. ಸೊನ್ನೆಯ ಎರಡೂ ಬದಿಯಲ್ಲಿ, ಸರಿಯಾಗಿ 14ರ ಹತ್ತಿರ, ಎರಡು ಮೆಟ್ಟಿಲು.