ಬಸುರಿಯ ಸಣ್ಣ ತ್ರಾಸುಗಳು ಮತ್ತು ಕಬ್ಬಿಣದ ಗುಳಿಗೆ: ಉಪಕೇಂದ್ರದ ನನ್ನ ಅನುಭವ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ಉಪಕೇಂದ್ರಕ್ಕೆ ಆರೋಗ್ಯ ಸಹಾಯಕಿಯಾಗಿ ಸೇರಿದ ಮೊದಲ ವರ್ಷಗಳಲ್ಲಿ, ಬಸುರಿ ಹೆಣ್ಣುಮಕ್ಕಳು ವಾಂತಿ, ಎದೆಯುರಿ, ಮಲಬದ್ಧತೆ, ಕಾಲುಸೆಳೆತ ಎಂದು ಹೇಳಿಕೊಂಡಾಗ ನಾನು ಕೊಡುತ್ತಿದ್ದ ಉತ್ತರ ಒಂದೇ ಆಗಿತ್ತು: "ಬಸುರಾದ ಮ್ಯಾಲ ಇವೆಲ್ಲಾ ಇರೂವೇ, ತಂಗಿ." ಅವರ ಅತ್ತೆಯಂದಿರೂ ಅದನ್ನೇ ಹೇಳುತ್ತಿದ್ದರು. ನನ್ನ ಗಮನವೆಲ್ಲ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ಮತ್ತು ತಾಯಿ ಕಾರ್ಡಿನಲ್ಲಿ ತುಂಬಬೇಕಾದ ಅಂಕಣಗಳ ಮೇಲಿತ್ತು. ತ್ರಾಸು ಬೇರೆ, ತಪಾಸಣೆ ಬೇರೆ ಎಂದು ನಾನು ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ನನಗೆ ಮನವರಿಕೆಯಾದದ್ದು ಆರು ತಿಂಗಳ ಒಬ್ಬ ಚೊಚ್ಚಲ ಬಸುರಿಯ ಮನೆಯಲ್ಲಿ.

ಆಕೆಯ ಹಿಮೋಗ್ಲೋಬಿನ್ 8.4 ಗ್ರಾಂಗೆ ಇಳಿದಿತ್ತು. ಗರ್ಭಿಣಿಯರಲ್ಲಿ ಅದು 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದೂ 7ಕ್ಕಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ ಎಂದೂ ಪರಿಗಣಿಸುತ್ತಾರೆ. ನಾಲ್ಕನೆಯ ತಿಂಗಳಿನಿಂದ ನಾನೇ ಆಕೆಗೆ ಕಬ್ಬಿಣದ ಗುಳಿಗೆ ಕೊಡುತ್ತ ಬಂದಿದ್ದೆ, ಕಾರ್ಡಿನಲ್ಲಿಯೂ ಬರೆದಿದ್ದೆ. ಕಾರ್ಡು ತೋರಿಸಲು ಆಕೆ ಟ್ರಂಕು ತೆರೆದಾಗ ಸೀರೆಗಳ ಕೆಳಗೆ ಕೆಂಪು ಗುಳಿಗೆಯ ಪಟ್ಟಿಗಳು ಕಂಡವು. ಮೇಲಿನ ಪಟ್ಟಿಯಲ್ಲಿ ನಾಲ್ಕು ಗುಳಿಗೆಗಳಷ್ಟೇ ಖಾಲಿಯಾಗಿದ್ದವು. ಉಳಿದ ಪಟ್ಟಿಗಳಿಗೆ ನಾನು ಹಾಕಿ ಕೊಟ್ಟಿದ್ದ ರಬ್ಬರ್ ಬ್ಯಾಂಡು ಹಾಗೆಯೇ ಇತ್ತು. ನಾನು ಬಯ್ಯಬಹುದೆಂದು ಆಕೆ ಅಂಜಿದ್ದಳು. "ತಗೊಂಡ ಕೂಡ್ಲೇ ಹೊಟ್ಟಿ ತೊಳಸತದ್ರಿ ಅಕ್ಕಾರ. ಸಂಡಾಸಕ್ಕ ಕರ್ರಗ ಹೋಗತದ. ನಮ್ಮತ್ತಿಯಾರು ಕೂಸೂ ಕರ್ರಗ ಹುಟ್ಟತದ ಅಂದ್ರು," ಎಂದಳು. ಹೊಟ್ಟೆ ತೊಳಸುವ ಮಾತನ್ನು ಆಕೆ ಮೊದಲೇ ಎರಡು ಸಲ ನನ್ನ ಮುಂದೆ ಆಡಿದ್ದಳು. ಎರಡೂ ಸಲ ನಾನು ನನ್ನ ಹಳೆಯ ಉತ್ತರವನ್ನೇ ಕೊಟ್ಟು ಕಳಿಸಿದ್ದೆ. ಅದು ಈಗಲೂ ನನಗೆ ನೋವು ಕೊಡುತ್ತದೆ.

ಅಂದು ಮೊದಲ ಬಾರಿಗೆ, ಗುಳಿಗೆ ತೆಗೆದುಕೊಂಡೆಯಾ ಎಂದು ಕೇಳುವುದನ್ನು ಬಿಟ್ಟು, ಯಾವಾಗ, ಯಾವುದರ ಜೊತೆ ತೆಗೆದುಕೊಂಡೆ ಎಂದು ಕೇಳಿದೆ. ನಸುಕಿನಲ್ಲಿ ಎದ್ದು, ಖಾಲಿ ಹೊಟ್ಟೆಯಲ್ಲಿ, ಚಹಾದ ಜೊತೆಗೆ ತೆಗೆದುಕೊಂಡಿದ್ದಳು. ಖಾಲಿ ಹೊಟ್ಟೆಗೆ ಕಬ್ಬಿಣದ ಗುಳಿಗೆ ಹೋದರೆ ಅನೇಕರಿಗೆ ಓಕರಿಕೆ ಬರುತ್ತದೆ. ಚಹಾದಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶವು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತಗೊಡುವುದಿಲ್ಲ. ಆಕೆ ಪಟ್ಟ ತ್ರಾಸಿಗೆ ಫಲವೂ ಇರಲಿಲ್ಲ. ಒಂದೊಂದು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ರಕ್ತಹೀನತೆ ಇಲ್ಲದವರೂ ನಾಲ್ಕನೆಯ ತಿಂಗಳಿನಿಂದ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ದಿನಕ್ಕೊಂದರಂತೆ ತೆಗೆದುಕೊಳ್ಳಬೇಕು. ಇಷ್ಟು ದೀರ್ಘ ಕಾಲ ಒಂದು ವಸ್ತುವನ್ನು ನುಂಗಬೇಕಾದರೆ ಅದು ಹೊಟ್ಟೆಗೆ ಹಿತವಾಗಿರಲೇಬೇಕೆಂಬುದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಪ್ರತಿ ತಿಂಗಳ 9ನೆಯ ತಾರೀಖಿನಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ಇರುತ್ತದೆ; ಅಲ್ಲಿಗೆ ಕರೆದೊಯ್ದಾಗ ವೈದ್ಯರು ಆಕೆಗೆ ದಿನಕ್ಕೆ ಎರಡು ಗುಳಿಗೆ ಬರೆದರು. ಹೊತ್ತನ್ನು ನಾವಿಬ್ಬರೂ ಕೂಡಿ ಗೊತ್ತುಮಾಡಿಕೊಂಡೆವು. ಮೊದಲ ಗುಳಿಗೆ ಮಧ್ಯಾಹ್ನ ಊಟವಾದ ಒಂದು ತಾಸಿಗೆ. ಎರಡನೆಯದು ರಾತ್ರಿ ಮಲಗುವಾಗ, ಓಕರಿಕೆ ಬಂದರೂ ನಿದ್ದೆಯಲ್ಲಿ ತಿಳಿಯದಂತೆ. ಕ್ಯಾಲ್ಸಿಯಂ ಗುಳಿಗೆ ಕಬ್ಬಿಣವನ್ನು ಮೈಗೆ ಹತ್ತಗೊಡದ ಕಾರಣ ಅದನ್ನು ಬೆಳಗಿನ ರೊಟ್ಟಿಯ ಜೊತೆಗೂ ಸಂಜೆ ಏಳರ ಊಟದ ಜೊತೆಗೂ ಇಟ್ಟೆವು. ಊಟದ ಹಿಂದೆಯೇ ಚಹಾ ಕುಡಿಯುವುದನ್ನು ನಿಲ್ಲಿಸಿ ಒಂದು ತಾಸು ತಡೆಯಲು ಹೇಳಿದೆ. ಚಹಾ ಪೂರ್ತಿ ಬಿಡು ಎಂದಿದ್ದರೆ ನಮ್ಮ ಭಾಗದಲ್ಲಿ ಆ ಮಾತು ನಡೆಯುತ್ತಿರಲಿಲ್ಲ. ನಿಂಬೆಯ ವಿಷಯದಲ್ಲಿ ಮಾತ್ರ ನಾನು ಹೆಚ್ಚು ಹೇಳಬೇಕಾಗಲಿಲ್ಲ, ಏಕೆಂದರೆ ಇಂಡಿಯ ಕಡೆ ಅಂಗಳ ದಾಟಿದರೆ ನಿಂಬೆಯ ತೋಟ. ಸಿ ಜೀವಸತ್ವವು ಕಬ್ಬಿಣ ಹೀರಿಕೊಳ್ಳಲು ನೆರವಾಗುವುದರಿಂದ, ಮಡಿಕೆಕಾಳಿನ ಪಲ್ಯಕ್ಕೂ ಮೆಂತ್ಯಪಲ್ಯಕ್ಕೂ ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿಕೊಳ್ಳಲು ಹೇಳಿದೆ. ಕುದಿಯುವಾಗ ಹಿಂಡಿದರೆ ಆ ಜೀವಸತ್ವ ಹಾಳಾಗುತ್ತದೆ.

ಅತ್ತೆಯವರೊಂದಿಗೆ ಮಾತಾಡಲು ಬೇರೊಂದು ದಿನ ಹೋದೆ. "ಅವ್ವಾ, ಮೈಗೆ ಹತ್ತದೆ ಉಳಿದ ಕಬ್ಬಿಣ ಹೊರಗೆ ಹೋಗುವುದರಿಂದ ಕಪ್ಪಾಗಿ ಕಾಣುತ್ತದೆ, ಕೂಸಿನ ಬಣ್ಣ ತಂದೆತಾಯಿಯಿಂದ ಬರುತ್ತದೆ" ಎಂದು ತಿಳಿಸಿದಾಗ ಅವರು ಸುಮ್ಮನೆ ಕೇಳಿಸಿಕೊಂಡರು. ಹೊರಡುವಾಗ ಮಾತ್ರ ದನಿ ತಗ್ಗಿಸಿ, ಸೊಸೆ ಹಿತ್ತಿಲ ಗೋಡೆಯ ಮಣ್ಣು ಕೆರೆದು ತಿನ್ನುತ್ತಾಳೆ ಎಂದರು. ಹೋಗಿ ನೋಡಿದರೆ, ಕೂತವರ ಕೈಗೆ ನಿಲುಕುವ ಎತ್ತರದಲ್ಲಿ ಅಂಗೈಯಗಲ ಗೋಡೆ ತಗ್ಗು ಬಿದ್ದಿತ್ತು. ಮಣ್ಣು ತಿನ್ನುವ ಬಯಕೆ ಬಹಳ ಸಲ ರಕ್ತಹೀನತೆಯ ಜೊತೆಗಿರುತ್ತದೆ. ಆ ಮಣ್ಣಿನಿಂದ ಜಂತುಹುಳದ ಭಯವೂ ಇದೆ. ಇದನ್ನು ವೈದ್ಯರಿಗೆ ತಿಳಿಸಿ ಜಂತಿನ ಗುಳಿಗೆ ಕೊಡಿಸಿದೆ, ಆಕೆಯನ್ನು ನಾಚಿಕೆಪಡಿಸಲಿಲ್ಲ. ಎರಡೂವರೆ ತಿಂಗಳಲ್ಲಿ ಹಿಮೋಗ್ಲೋಬಿನ್ 10.1ಕ್ಕೆ ಏರಿತು, ಗೋಡೆಯ ತಗ್ಗು ಮುಂದೆ ದೊಡ್ಡದಾಗಲಿಲ್ಲ.

ಅಲ್ಲಿಂದ ಮುಂದೆ ಪ್ರತಿಯೊಬ್ಬರ ತ್ರಾಸನ್ನೂ ನಾನು ಕಾರ್ಡು ತೆರೆಯುವ ಮೊದಲೇ ಕೇಳುತ್ತೇನೆ. ಮೊದಲ ತಿಂಗಳುಗಳ ಓಕರಿಕೆಗೆ ಹಾಸಿಗೆಯ ಹತ್ತಿರ ಖಡಕ್ ರೊಟ್ಟಿಯ ಒಂದು ತುಂಡು ಇಟ್ಟುಕೊಂಡು, ಏಳುವ ಮೊದಲು ಅದನ್ನು ನಿಧಾನವಾಗಿ ಅಗಿದು, ಸ್ವಲ್ಪ ಹೊತ್ತು ತಡೆದು ಏಳಲು ಹೇಳುತ್ತೇನೆ; ನೀರೂ ನಿಲ್ಲದಷ್ಟು ವಾಂತಿಯಾದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಬರಬೇಕು. ಎದೆಯುರಿಗೆ ಎರಡು ದೊಡ್ಡ ಊಟಗಳ ಬದಲು ಐದು ಸಣ್ಣ ಊಟ ಮಾಡಿ, ಉಂಡ ಕೂಡಲೇ ಅಡ್ಡಾಗದೆ, ತಲೆದಿಂಬಿನ ಕಡೆ ಎತ್ತರ ಮಾಡಿಕೊಂಡರೆ ಬಹಳ ಮಂದಿಗೆ ಇಳಿಯುತ್ತದೆ. ಮೀನಖಂಡ ಸೆಳೆದಾಗ ಕಾಲು ನೀಡಿ ಬೆರಳುಗಳನ್ನು ಮೊಣಕಾಲಿನ ಕಡೆಗೆ ಎಳೆಯಬೇಕು. ಏಳನೆಯ ತಿಂಗಳಿನ ನಂತರ ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ತಿರುಗಬಹುದು, ಆದ್ದರಿಂದ ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ಮಡಚಿದ ಕೌದಿ ಇಟ್ಟುಕೊಳ್ಳುವುದು ಲೇಸು.

ನೀರಿನ ಮಾತು ಇಷ್ಟು ಸುಲಭವಲ್ಲ. ನಮ್ಮ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಹೊಲಕ್ಕೆ ಹೋಗುವ ಬಸುರಿಯರು ಸಂಜೆಯವರೆಗೆ ಒಂದು ತಂಬಿಗೆ ನೀರನ್ನೂ ಕುಡಿಯುವುದಿಲ್ಲ. ಅವರಿಗೆ ಬಾಯಾರಿಕೆ ಇಲ್ಲವೆಂದಲ್ಲ, ಮೂತ್ರಕ್ಕೆ ಹೋಗಲು ಮರೆಯಿಲ್ಲ. ಮಲಬದ್ಧತೆ, ಉರಿಮೂತ್ರ, ತಲೆನೋವುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುತ್ತವೆ; ಕಬ್ಬಿಣದ ಗುಳಿಗೆಯಿಂದ ಬರುವ ಮಲಬದ್ಧತೆ ನೀರಿಲ್ಲದೆ ಇನ್ನೂ ಬಿಗಿಯಾಗಿ, ಕೊನೆಗೆ ಗುಳಿಗೆಯೇ ನಿಲ್ಲುತ್ತದೆ. ಆದ್ದರಿಂದ ನಾನು ಈಗ ನೀರು ಕುಡಿ ಎನ್ನುವ ಮೊದಲು ಎಲ್ಲಿ ಹೋಗುತ್ತೀ ಎಂದು ಕೇಳುತ್ತೇನೆ, ಜೊತೆಗೆ ಒಬ್ಬ ಹೆಣ್ಣುಮಗಳು ನಿಲ್ಲುವಂತೆ ಮನೆಯವರಿಗೆ ಹೇಳುತ್ತೇನೆ. ಉರಿಮೂತ್ರವಿದ್ದರೆ ಮಜ್ಜಿಗೆ ಕುಡಿದು ತಡೆದುಕೊಳ್ಳಬಾರದು. ಸೋಂಕು ಅವಧಿಗೆ ಮುಂಚಿನ ಹೆರಿಗೆಗೂ ದಾರಿಯಾಗಬಹುದಾದ್ದರಿಂದ ಮೂತ್ರ ಪರೀಕ್ಷೆ ಆಗಲೇಬೇಕು.

"ಇವೆಲ್ಲಾ ಇರೂವೇ" ಎಂಬ ಮಾತು ಹೆಚ್ಚು ಅಪಾಯ ತರುವುದು ಬಾವಿನ ವಿಷಯದಲ್ಲಿ. ಸಂಜೆಗೆ ಪಾದ ಬಾತು ಬೆಳಿಗ್ಗೆ ಇಳಿದರೆ ಸಾಮಾನ್ಯವಾಗಿ ಭಯವಿಲ್ಲ. ಬಳೆ ಏರದಂತೆ ಕೈ ಬಾತರೆ, ಮುಖ ಊದಿಕೊಂಡರೆ, ತಲೆ ಸಿಡಿದು ಕಣ್ಣು ಮಂಜಾದರೆ, ರಕ್ತದೊತ್ತಡ 140/90 ಮುಟ್ಟಿದರೆ ಅಂದೇ ವೈದ್ಯರನ್ನು ಕಾಣಬೇಕು. ರಕ್ತ ಹೋದರೆ, ನೀರು ಒಡೆದರೆ, ಫಿಟ್ಸ್ ಬಂದರೆ, ಕೂಸಿನ ಹೊರಳಾಟ ಕಡಿಮೆಯಾಯಿತೆನಿಸಿದರೆ ರಾತ್ರಿಯಾದರೂ 108ಕ್ಕೆ ಕರೆ ಮಾಡಿ ಎಂದು ಮನೆಯ ಗಂಡಸರಿಗೂ ಹೇಳಿ ಬರುತ್ತೇನೆ.

ಕುಬಸ, ಅಂದರೆ ಸೀಮಂತವಾದ ಮೇಲೆ ನಮ್ಮಲ್ಲಿ ಚೊಚ್ಚಲ ಬಸುರಿಯನ್ನು ತವರಿಗೆ ಕಳಿಸುತ್ತಾರೆ. ಬಿಡದೆ ನಡೆದ ಗುಳಿಗೆಯೂ ಅಲ್ಲಿಗೆ ಹೋದ ಮೇಲೆ ತಪ್ಪುವುದುಂಟು. ಅದಕ್ಕಾಗಿ ಕುಬಸದ ದಿನ ಗೊತ್ತಾದ ಕೂಡಲೇ ತವರೂರಿನ ಉಪಕೇಂದ್ರದ ಸಿಸ್ಟರ್‌ಗೆ ನಾನೇ ಫೋನ್ ಮಾಡಿ ಆಕೆಯ ಹಿಮೋಗ್ಲೋಬಿನ್, ರಕ್ತದ ಗುಂಪು, ಗುಳಿಗೆಯ ಹೊತ್ತು ತಿಳಿಸುತ್ತೇನೆ, ಒಂದು ತಿಂಗಳ ಗುಳಿಗೆಯನ್ನು ತಾಯಿ ಕಾರ್ಡಿನ ಚೀಲದಲ್ಲಿಯೇ ಇಟ್ಟು ಕಳಿಸುತ್ತೇನೆ.