ಮಳೆಗಾಲಕ್ಕೆ ಜಗ್ಗದ ಆಟದ ಕೋಣೆ

ತೀರ್ಥಹಳ್ಳಿ ಕಡೆಯ ನಮ್ಮ ಹೆಂಚಿನ ಮನೆಯಲ್ಲಿ ಮಕ್ಕಳಿಗೆ ಒಂದು ಆಟದ ಕೋಣೆ ಮಾಡುತ್ತೇನೆ ಅಂದಾಗ ಯಾರೂ ಬೇಡ ಅನ್ನಲಿಲ್ಲ, ಯಾರೂ ನಂಬಲೂ ಇಲ್ಲ. "ಮಾಡಮ್ಮ, ಆಷಾಢ ಬರಲಿ, ಆಮೇಲೆ ನೋಡೋಣ" ಅಂದರು ಮಾವ. ಆಗುಂಬೆ ಹತ್ತಿರದ ಮಳೆ ನಮ್ಮದು. ಜೂನ್ ಬಂದರೆ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು. ಈಗ ನನ್ನ ಕೋಣೆ ಈ ವರ್ಷದ ಮಳೆಯನ್ನೂ ದಾಟಿದೆ. ಗೋಡೆ ಒಣಗಿದೆ, ಆಟಿಕೆಗೆ ಬೂಷ್ಟಿಲ್ಲ. ಹತ್ತು ಹನ್ನೊಂದು ಸಾವಿರದಲ್ಲಿ ಮುಗಿದ ಕೆಲಸ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕೋಣೆ ಎಂಟಡಿಗೆ ಒಂಬತ್ತಡಿ ಇದ್ದೀತು. ಮೊದಲು ಅಡಿಕೆ ಚೀಲ, ಮುರಿದ ಕುರ್ಚಿ, ಹಳೆ ತಗಡಿನ ಬೀರು ತುಂಬಿಟ್ಟಿದ್ದ ಜಾಗ. ಒಂದು ಗೋಡೆ ಪಡುವಣಕ್ಕೆ, ಮಳೆಯ ಇರಚಲು ಬಡಿಯುವುದು ಅದಕ್ಕೇ. ಎದುರು ಗೋಡೆಯ ಆಚೆ ಬಚ್ಚಲುಮನೆ.

ಇದಕ್ಕೂ ಮುಂಚಿನ ವರ್ಷ ನೀರಿಗೆ ಹೋದ ದುಡ್ಡಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಕ್ಷರಗಳಿರುವ ಫೋಮ್ ಮ್ಯಾಟಿಗೆ ಎರಡು ಸಾವಿರದ ಹತ್ತಿರ. ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಬೆವರುತ್ತದೆ, ಗೊತ್ತಲ್ಲ. ಆ ನೀರು ಮ್ಯಾಟಿನ ಕೆಳಗೇ ನಿಂತಿತು. ಜುಲೈಯಲ್ಲಿ ಒಂದು ಚೌಕ ಎತ್ತಿದರೆ ಅಡಿಯಲ್ಲಿ ಲೋಳೆ, ಕರಿ ಚುಕ್ಕೆ, ಹಲ್ಲಿಗೆ ಹಲ್ಲು ಸೇರುವ ಸಂದಿಯಲ್ಲೆಲ್ಲ ಬಿಳಿ ಬೂಷ್ಟಿನ ಗೆರೆ. ತೊಳೆದು ಒಣಗಿಸಿ ಹಾಕಿದರೂ ವಾರದೊಳಗೆ ಮತ್ತೆ ಅದೇ ಕಥೆ. ಗೋಡೆಗೆ ಅಂಟಿಸಿದ ಆನೆ, ಜಿರಾಫೆ ಸ್ಟಿಕ್ಕರ್‌ಗೆ ಏಳೆಂಟು ನೂರು. ಶ್ರಾವಣಕ್ಕೆ ಮೊದಲೇ ಡಿಸ್ಟೆಂಪರನ್ನೂ ಕಿತ್ತುಕೊಂಡು ಕೆಳಗೆ ಬಿದ್ದವು. ಶಿವಮೊಗ್ಗದಿಂದ ತಂದ ಪಾರ್ಟಿಕಲ್ ಬೋರ್ಡ್ ಶೆಲ್ಫಿಗೆ ಮೂರೂವರೆ ಸಾವಿರ. ಅದರ ಕಾಲು ನೀರು ಕುಡಿದು ಊದಿಕೊಂಡಿತು. ಮೇಸ್ತ್ರಿಯನ್ನು ಕರೆಸಿದೆ. "ಪೂರ್ತಿ ಕೆರೆದು ಡ್ಯಾಂಪ್ ಪ್ರೂಫ್ ಹೊಡೆದು ಪುಟ್ಟಿ ಹಾಕ್ಬೇಕಕ್ಕಾ, ಮೂವತ್ತು ಸಾವಿರದ ಹತ್ರ ಆಗುತ್ತೆ" ಅಂದರು. ಮಣ್ಣಿನ ಗೋಡೆಗೆ ಪುಟ್ಟಿ ಹಾಕಿಸಿದವರ ಮನೆ ನೋಡಿದ್ದೇನೆ. ತೇವ ಒಳಗೇ ಸಿಕ್ಕಿಕೊಂಡು ಗೋಡೆಯೆಲ್ಲ ಗುಳ್ಳೆ. ಬೇಡ ಅಂದೆ.

ನಾನು ಶುರು ಮಾಡಿದ್ದು ಹೊರಗಿನಿಂದ. ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿದೆ, ಅಜ್ಜಿ ಕಾಲದಲ್ಲಿ ಕಟ್ಟುತ್ತಿದ್ದ ಹಾಗೇ. ಸೋಗೆ ತೋಟದ್ದೇ, ಕೂಲಿ ಮಾತ್ರ ಖರ್ಚು. ತಟ್ಟಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಡಲೇಬೇಕು. ಒಳಗೆ ಡಿಸ್ಟೆಂಪರ್ ಪೂರ್ತಿ ಕೆರೆಸಿ, ಬೇಸಿಗೆಯೆಲ್ಲ ಗೋಡೆಯನ್ನು ಬೆತ್ತಲೆ ಬಿಟ್ಟೆ. ಮೇ ತಿಂಗಳಲ್ಲಿ ತೆಳುವಾಗಿ ಮೂರು ಕೈ ಸುಣ್ಣ. ಘಟ್ಟದ ಕೆಳಗಿನ ಚಿಪ್ಪು ಸುಣ್ಣ ಸಿಕ್ಕರೆ ಅದೇ ತನ್ನಿ, ಬಿಳುಪು ಜಾಸ್ತಿ. ಸುಣ್ಣದ ಖರ್ಚು ಆರು ನೂರು ದಾಟಲಿಲ್ಲ.

ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಬೋರ್ಡೋ ದ್ರಾವಣ ಹೊಡೆಯುವವರ ಮನೆಯಲ್ಲಿ ಮೈಲುತುತ್ತ (ಕಾಪರ್ ಸಲ್ಫೇಟ್) ಇದ್ದೇ ಇರುತ್ತದೆ. ಸುಣ್ಣಕ್ಕೆ ಒಂದು ಹಿಡಿ ಹಾಕು, ಬೂಷ್ಟು ಹತ್ತಿರ ಬರಲ್ಲ ಅಂದವರು ಬಹಳ ಜನ. ಅದು ವಿಷ. ಗೋಡೆ ನೆಕ್ಕುವ ವಯಸ್ಸಿನ ಮಗು ಇರುವ ಕೋಣೆಗೆ ಬೇಡವೇ ಬೇಡ. ಸುಣ್ಣ ಕದಡುವಾಗ, ಬಳಿಯುವಾಗ ಮಕ್ಕಳನ್ನು ಅಜ್ಜಿ ಮನೆಗೆ ಕಳಿಸಿದ್ದೆ. ಹಸಿ ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

ಗೋಡೆಯ ಕೆಳಗಿನ ಎರಡೂವರೆ ಅಡಿಗೆ ಸುಣ್ಣದ ಬದಲು ಕೆಮ್ಮಣ್ಣಿನ ಪಟ್ಟೆ. ಕೊಳೆ ಕಾಣುವುದಿಲ್ಲ. ಅದರ ಮೇಲೆ ಸಾಗರ ತಾಲ್ಲೂಕಿನ ಕಡೆಯ ನೆಂಟರೊಬ್ಬರು ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಹಸೆ ಚಿತ್ತಾರ, ಅಂದರೆ ಮಲೆನಾಡಿನ ಗೋಡೆ ಚಿತ್ರ, ಬರೆದುಕೊಟ್ಟರು. ಆ ಸ್ಟಿಕ್ಕರ್‌ಗಿಂತ ನೂರು ಪಾಲು ಚೆಂದ. ಮಾಸಿದರೆ ಮತ್ತೆ ಬರೆದರಾಯಿತು. ಕೆಮ್ಮಣ್ಣು ಅಂಗಿಗೆ ಹತ್ತಲ್ವಾ ಅಂತ ಬಂದವರೆಲ್ಲ ಕೇಳುತ್ತಾರೆ. ನನ್ನ ಗೋಡೆಯದ್ದು ಹತ್ತುವುದಿಲ್ಲ. ಅದಕ್ಕೆ ಏನು ಬೆರೆಸಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇನ್ನು ಇಡೀ ಕೋಣೆಯನ್ನು ಉಳಿಸಿದ್ದು ಬಚ್ಚಲ ಗೋಡೆ. ಆಚೆ ಹಂಡೆ ಒಲೆ ಬೆಳಗ್ಗೆ ಸಂಜೆ ಉರಿಯುತ್ತದೆ. ಈಚೆ ಕೈ ಇಟ್ಟರೆ ಬೆಚ್ಚಗೆ ಗೊತ್ತಾಗುತ್ತದೆ. ಆಟಿಕೆ ಶೆಲ್ಫನ್ನು ಅಲ್ಲೇ ಹಾಕಿಸಿದೆ. ಅಟ್ಟದ ಮೇಲಿದ್ದ ಹಲಸಿನ ಹಲಗೆ, ಕಬ್ಬಿಣದ ಬ್ರಾಕೆಟ್, ಹಿಂದೆ ಎರಡು ಬೆರಳು ಗಾಳಿಗೆ ಜಾಗ, ಕೆಳಗೆ ನೆಲ ಮುಟ್ಟುವ ಹಾಗಿಲ್ಲ, ಗೆದ್ದಲಿನ ಕಾಟ. ಬಡಗಿ ಕೂಲಿ, ಸ್ಕ್ರೂ ಎಲ್ಲ ಸೇರಿ ಮೂರೂವರೆ ಸಾವಿರ. ದೊಡ್ಡ ಖರ್ಚು ಅದೊಂದೇ. ಕೆಳಗಿದ್ದ ಪ್ಲಗ್ ಪಾಯಿಂಟುಗಳನ್ನು ಮೇಲಕ್ಕೆ ಎತ್ತಿಸಲು ಎರಡು ಸಾವಿರ ಹೋಯಿತು, ಅದರಲ್ಲಿ ಚೌಕಾಸಿ ಮಾಡಲಿಲ್ಲ.

ನೆಲಕ್ಕೆ ಏನನ್ನೂ ಅಂಟಿಸಲಿಲ್ಲ. ಈಚಲು ಚಾಪೆ ಎರಡು ಜೊತೆ ಇವೆ. ಒಂದು ಹಾಸುವುದು, ಇನ್ನೊಂದು ಬಚ್ಚಲ ಗೋಡೆ ಪಕ್ಕ ಹಗ್ಗದ ಮೇಲೆ. ರಾತ್ರಿ ಹಾಸಿದ್ದನ್ನೂ ಎತ್ತಿ ನೇತು ಹಾಕುತ್ತೇವೆ. ಈಗ ಮಕ್ಕಳೇ ಎತ್ತುತ್ತಾರೆ.

ಬೆಳಕಿಗೆ ಮಾಡಿನಲ್ಲಿ ಎರಡು ಗಾಜಿನ ಹೆಂಚು, ಕೂಲಿ ಸೇರಿ ಎಂಟು ನೂರು. ಹಳೆ ಹೆಂಚಿನ ಹಿಂದೆ ಕಂಪನಿಯ ಅಚ್ಚು ನೋಡಿ ಅದೇ ಅಳತೆಯದ್ದು ತನ್ನಿ, ಇಲ್ಲದಿದ್ದರೆ ಸಂದಿಯಲ್ಲಿ ಸೋರುತ್ತದೆ. ಹಳೆ ಬೀರುವಿನ ಎರಡೂ ಬಾಗಿಲು ಬಿಚ್ಚಿ, ತುಕ್ಕು ಉಜ್ಜಿ, ಬ್ಲ್ಯಾಕ್‌ಬೋರ್ಡ್ ಪೇಂಟ್ ಹೊಡೆದು ಗೋಡೆಗೆ ಬೋಲ್ಟ್ ಮಾಡಿಸಿದೆ. ಬಳಪದಲ್ಲಿ ಬರೆಯಬಹುದು, ತಗಡಾದ್ದರಿಂದ ಅಯಸ್ಕಾಂತದ ಅಕ್ಷರವೂ ಅಂಟುತ್ತವೆ. ನಾನೂರು ರೂಪಾಯಿಯ ಕೆಲಸ. ಗುಜರಿಗೆ ಹಾಕಿದ್ದರೆ ಅಷ್ಟೂ ಹುಟ್ಟುತ್ತಿರಲಿಲ್ಲ.

ಬೇರೆ ಪ್ರಯೋಗಗಳೂ ನಡೆದವು. ಅಡಿಕೆ ಮರ ಸೀಳಿದ ದಬ್ಬೆಯಲ್ಲಿ ಸಣ್ಣ ಜಗಲಿ ಮಾಡಿಸಿದ್ದೆ. ಎಷ್ಟು ಸ್ಯಾಂಡ್ ಪೇಪರ್ ಉಜ್ಜಿದರೂ ಸಿಬರು ನಿಲ್ಲಲಿಲ್ಲ, ತೆಗೆಸಿದೆ. ಅಡಿಕೆ ಹಾಳೆಯ ಡಬ್ಬಿ ಮಾಡಿದೆ, ಬೂಷ್ಟು ಬಂತು. ಇದ್ದಿಲು ಕಟ್ಟಿದ ಬಟ್ಟೆ ಚೀಲ ಮೂಲೆಗಿಟ್ಟೆ, ನಮ್ಮ ಮಳೆಗೆ ಅದು ಏನೇನೂ ಸಾಲದು. ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆಯುವ ಆಟ ಮಾತ್ರ ಆ ನುಣುಪು ನೆಲದಲ್ಲಿ ಭರ್ಜರಿಯಾಗಿ ನಡೆಯುತ್ತದೆ.

ಬಚ್ಚಲ ಗೋಡೆ ಸಿಗದ ಕೋಣೆಯಾದರೆ ಶೆಲ್ಫಿಗೆ ಬಾಗಿಲಿಟ್ಟು, ಒಳಗೆ ತಂತಿಬಲೆಯ ಹಿಂದೆ ನಲವತ್ತು ವ್ಯಾಟಿನ ಹಳೆ ಥರದ ಬಲ್ಬ್ ಹಾಕಿ. ಎಲ್‌ಇಡಿ ಬೇಡ, ಅದರಲ್ಲಿ ಅಷ್ಟು ಕಾವು ಇಲ್ಲ. ರಾತ್ರಿ ಹನ್ನೆರಡು ಗಂಟೆ ಉರಿಸಿದರೂ ಅರ್ಧ ಯೂನಿಟ್. ಆಟಿಕೆ, ಬಟ್ಟೆ ಬಲ್ಬಿಗೆ ತಾಗದ ಹಾಗೆ ನೋಡಿಕೊಳ್ಳಿ. ತಂಗಿಯ ಮನೆಯಲ್ಲಿ ಹೀಗೇ ಮಾಡಿಸಿಕೊಟ್ಟೆ, ಬಟ್ಟೆ ಗೊಂಬೆಗಳೂ ಒಣಗಿಯೇ ಇವೆ. ಆಮೇಲಿನ ಖರ್ಚು ಅಂದರೆ ಪ್ರತಿ ಮೇ ತಿಂಗಳು ಒಂದು ಕೈ ಸುಣ್ಣ ಮತ್ತು ಹೊಸ ಸೋಗೆ ತಟ್ಟಿ. ಕೂಲಿ ಸೇರಿ ಸಾವಿರದೊಳಗೇ ಆಗುತ್ತದೆ.