ವಿಪಿಎನ್: ‘ಕನೆಕ್ಟೆಡ್’ ಎಂದು ಕಂಡ ಮೇಲೆ ಮಾಡಬೇಕಾದ ಕೆಲಸ

ಪೀಣ್ಯದ ಕಾರ್ಖಾನೆಯಲ್ಲಿರುವ ಟ್ಯಾಲಿ ಕಂಪ್ಯೂಟರನ್ನು ವಿಜಯನಗರದ ಮನೆಯಿಂದ ತೆರೆಯುವ ಲೆಕ್ಕಿಗರು, ಜಯನಗರದ ಆಡಿಟರ್ ಕಚೇರಿಯ ಫೈಲುಗಳನ್ನು ರಿಟರ್ನ್ಸ್ ಸಲ್ಲಿಕೆಯ ದಿನಗಳಲ್ಲಿ ರಾತ್ರಿ ಮನೆಯಲ್ಲಿ ಕುಳಿತು ನೋಡುವ ಸಹಾಯಕರು, ಹೊರವರ್ತುಲ ರಸ್ತೆಯ ಕಂಪನಿಗೆ ಆಗಾಗ ಮನೆಯಿಂದಲೇ ಕೆಲಸ ಮಾಡುವವರು, ಎಲ್ಲರಿಗೂ ಇಂದು ವಿಪಿಎನ್ ಬೇಕು. ಅಂತರ್ಜಾಲದ ಮೂಲಕ ಸಾಗುವ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ, ಮನೆಯ ಕಂಪ್ಯೂಟರ್ ಕಚೇರಿಯ ಜಾಲದೊಳಗೇ ಇದೆಯೇನೋ ಎಂಬಂತೆ ಮಾಡುವ ವ್ಯವಸ್ಥೆ ಅದು. ಹಾಕಿಕೊಳ್ಳಲು ಹೆಚ್ಚು ಸಮಯವೇನೂ ಬೇಡ. ಆದರೆ ‘ಕನೆಕ್ಟೆಡ್’ ಎಂದು ಬಂದಿದ್ದರೂ ಟ್ಯಾಲಿ ತೆರೆಯದಿದ್ದಾಗ ಜನರು ಮಾಡುವ ಮೊದಲ ಕೆಲಸವೆಂದರೆ ವಿಪಿಎನ್ ಅನ್ನೇ ಅಳಿಸಿ ಮತ್ತೆ ಹೊಸದಾಗಿ ಹಾಕುವುದು. ಎರಡನೆಯದು ರೂಟರಿನ ರೀಸೆಟ್ ಗುಂಡಿ ಒತ್ತುವುದು. ಇವುಗಳಿಂದ ಪ್ರಯೋಜನವಾಗುವುದು ಅಪರೂಪ. ರೀಸೆಟ್ ಮಾಡಿದರಂತೂ ಇಂಟರ್‌ನೆಟ್ ಕಂಪನಿಯವರು ತುಂಬಿಸಿಕೊಟ್ಟಿದ್ದ ಬಳಕೆದಾರರ ಹೆಸರು, ಪಾಸ್‌ವರ್ಡ್ ಅಳಿಸಿಹೋಗಿ ಇದ್ದ ಸಂಪರ್ಕವೂ ತಪ್ಪಿಹೋಗುತ್ತದೆ.

ಯಾವ ಬಗೆಯ ವಿಪಿಎನ್?

ಕಂಪನಿಯವರು ತಮ್ಮದೇ ಆ್ಯಪ್ ಕೊಟ್ಟಿದ್ದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. ಸಣ್ಣ ಕಚೇರಿಯಲ್ಲಿ ಆಯ್ಕೆ ನಿಮ್ಮ ಕೈಯಲ್ಲೇ ಇದ್ದರೆ ವೈರ್‌ಗಾರ್ಡ್ ಎಂಬ ಬಗೆಯನ್ನು ಹಾಕಿಕೊಳ್ಳಿ. 2020ರ ಮಾರ್ಚ್‌ನಲ್ಲಿ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಾದ ಕರ್ನಲ್‌ನ 5.6ನೇ ಆವೃತ್ತಿಗೆ ಸೇರಿದ ಇದು ಚಿಕ್ಕದು, ವೇಗದ್ದು, ಇದರಲ್ಲಿ ತಪ್ಪಾಗಿ ಆರಿಸಬಹುದಾದ ಸಂಗತಿಗಳೇ ಕಡಿಮೆ. ವಿಂಡೋಸ್‌ನಲ್ಲಿ ಬೇರೆ ಆ್ಯಪ್ ಹಾಕಲು ಅನುಮತಿಯಿಲ್ಲವಾದರೆ ಅದರಲ್ಲೇ ಇರುವ ಐಕೆಇವಿ2 ಎಂಬ ಬಗೆ ಉತ್ತಮ. ಪಿಪಿಟಿಪಿ ಎಂಬ ಹಳೆಯ ಬಗೆ ಮಾತ್ರ ಬೇಡವೇ ಬೇಡ. ಅದು ಸಾಮಾನ್ಯವಾಗಿ ಬಳಸುವ ಪಾಸ್‌ವರ್ಡ್ ಪರಿಶೀಲನೆಯ ವಿಧಾನವನ್ನು ಭೇದಿಸಬಹುದೆಂದು 2012ರಲ್ಲೇ ತೋರಿಸಲಾಗಿದೆ, ಆ್ಯಪಲ್ ಸಂಸ್ಥೆಯು 2016ರ ಮ್ಯಾಕ್ ಆವೃತ್ತಿಯಿಂದ ಅದನ್ನು ತೆಗೆದುಹಾಕಿತು, ಮೈಕ್ರೋಸಾಫ್ಟ್ ಕೂಡ ಮುಂದಿನ ಸರ್ವರ್ ಆವೃತ್ತಿಗಳಲ್ಲಿ ಪಿಪಿಟಿಪಿ ಹಾಗೂ ಇನ್ನೊಂದು ಹಳೆಯ ಬಗೆಯಾದ ಎಲ್2ಟಿಪಿ ಎರಡನ್ನೂ ಕೈಬಿಡುವುದಾಗಿ 2024ರಲ್ಲಿ ಪ್ರಕಟಿಸಿದೆ. ‘ಹಳೆಯ ರೂಟರಿನಲ್ಲಿ ಪಿಪಿಟಿಪಿ ಇದೆ, ಸುಲಭ, ಅದನ್ನೇ ಹಾಕೋಣ’ ಎನ್ನುವ ಮೆಕ್ಯಾನಿಕ್ ಸಿಕ್ಕರೆ ನಯವಾಗಿ ಬೇಡವೆನ್ನಿ.

ಉಚಿತ ವಿಪಿಎನ್ ಆ್ಯಪ್‌ಗಳ ಬಗ್ಗೆ ಒಂದು ಮಾತು. ಅವು ಕಚೇರಿಯ ಜಾಲಕ್ಕೆ ಸೇರಿಸುವ ಸಾಧನಗಳೇ ಅಲ್ಲ. ನಿಮ್ಮ ಸಂಚಾರವನ್ನು ಬೇರೊಬ್ಬರ ಸರ್ವರ್ ಮೂಲಕ ಹಾಯಿಸುತ್ತವೆ, ಅಷ್ಟೆ. ಹೋಲಾ ಎಂಬ ಉಚಿತ ಸೇವೆಯು ತನ್ನ ಬಳಕೆದಾರರ ಇಂಟರ್‌ನೆಟ್ ಸಂಪರ್ಕವನ್ನೇ ಇನ್ನೊಂದು ಸೇವೆಯ ಮೂಲಕ ಮಾರುತ್ತಿದ್ದುದು 2015ರಲ್ಲಿ ಬಯಲಾಗಿತ್ತು. ಭಾರತದಲ್ಲಿ ಸೇವೆ ನೀಡುವ ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಆದೇಶಿಸಿದೆ. ಸಂಸ್ಥೆಗಳು ತಮ್ಮ ಸಿಬ್ಬಂದಿಗಾಗಿ ನಡೆಸುವ ವಿಪಿಎನ್‌ಗೆ ಈ ನಿಯಮ ಅನ್ವಯಿಸದೆಂದು ಬಳಿಕ ಸ್ಪಷ್ಟಪಡಿಸಿತು.

ಹಾಕಿಕೊಳ್ಳುವ ಬಗೆ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ಆ್ಯಂಡ್ ಇಂಟರ್‌ನೆಟ್, ಅದರೊಳಗೆ ವಿಪಿಎನ್, ಅದರೊಳಗೆ ಆ್ಯಡ್ ವಿಪಿಎನ್ ಒತ್ತಿ, ಸರ್ವರಿನ (ಕಚೇರಿಯ ಕಡೆ ವಿಪಿಎನ್ ಕರೆ ಸ್ವೀಕರಿಸುವ ಯಂತ್ರ) ವಿಳಾಸ, ವಿಪಿಎನ್ ಬಗೆ, ಬಳಕೆದಾರರ ಹೆಸರು ತುಂಬಿ ಉಳಿಸಿದರೆ ಆಯಿತು. ವೈರ್‌ಗಾರ್ಡ್ ಆದರೆ ಅದರ ಅಧಿಕೃತ ತಾಣದಿಂದಲೇ ಆ್ಯಪ್ ಇಳಿಸಿಕೊಂಡು, ಕಚೇರಿಯವರು ಕೊಟ್ಟ ಫೈಲನ್ನು ಇಂಪೋರ್ಟ್ ಮಾಡಿ, ಆ್ಯಕ್ಟಿವೇಟ್ ಒತ್ತಬೇಕು.

ಆ ಫೈಲಿನ ವಿಷಯದಲ್ಲಿ ಮಾತ್ರ ಆತುರ ಸಲ್ಲದು. ಅದರಲ್ಲಿ ನೀವು ಯಾರೆಂದು ಸರ್ವರಿಗೆ ತೋರಿಸುವ ರಹಸ್ಯ ಸಂಕೇತ, ಅಂದರೆ ನಿಮ್ಮ ಖಾಸಗಿ ಕೀಲಿ ಇರುತ್ತದೆ; ಪಾಸ್‌ವರ್ಡ್ ಬೇರೆ ಕೇಳುವುದಿಲ್ಲವಾದ್ದರಿಂದ ಫೈಲು ಯಾರ ಬಳಿ ಇದೆಯೋ ಅವರು ಕಚೇರಿಯ ಜಾಲದೊಳಗೆ ಬರಬಲ್ಲರು. ಅಂಥದ್ದನ್ನು ಸಿಬ್ಬಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ‘ಎಲ್ಲರೂ ಇದನ್ನೇ ಬಳಸಿ’ ಎನ್ನುವುದು ಅಪಾಯ ಮಾತ್ರವಲ್ಲ, ತಾಂತ್ರಿಕವಾಗಿಯೂ ತಪ್ಪು. ವೈರ್‌ಗಾರ್ಡ್ ಸರ್ವರ್ ಒಂದು ಕೀಲಿಗೆ ಒಂದೇ ವಿಳಾಸವನ್ನು ನೆನಪಿಟ್ಟುಕೊಳ್ಳುತ್ತದೆ. ಒಂದೇ ಕೀಲಿಯಿಂದ ಮನೆಯ ಡೆಸ್ಕ್‌ಟಾಪ್ ಹಾಗೂ ಇನ್ನೊಬ್ಬರ ಲ್ಯಾಪ್‌ಟಾಪ್ ಏಕಕಾಲಕ್ಕೆ ಮಾತಾಡಿದರೆ, ಯಾರು ಕೊನೆಯಲ್ಲಿ ಮಾತಾಡಿದರೋ ಅವರ ಕಡೆಗೆ ಉತ್ತರ ಹೋಗುತ್ತದೆ. ಇಬ್ಬರಿಗೂ ಸಂಪರ್ಕ ಬಂದು ಬಂದು ಹೋಗುತ್ತಿರುತ್ತದೆ, ಇಬ್ಬರೂ ಇಂಟರ್‌ನೆಟ್ ಕಂಪನಿಗೆ ದೂರು ಕೊಡುತ್ತಾರೆ. ಒಂದು ಯಂತ್ರಕ್ಕೆ ಒಂದು ಕೀಲಿ ಎಂಬುದು ನಿಯಮವಾಗಲಿ, ಎರಡೂ ಯಂತ್ರ ನಿಮ್ಮದೇ ಆಗಿದ್ದರೂ ಸರಿಯೇ.

ಮಾಹಿತಿ ನಿಜವಾಗಿ ಹೋಗಿ ಬರುತ್ತಿದೆಯೇ?

ವೈರ್‌ಗಾರ್ಡ್ ಆ್ಯಪ್‌ನಲ್ಲಿ ‘ಆ್ಯಕ್ಟಿವ್’ ಎಂದು ಹಸಿರು ಗುರುತು ಬರಲು ಆ ಕಡೆ ಸರ್ವರ್ ಇರಲೇಬೇಕೆಂದಿಲ್ಲ. ತಪ್ಪು ಕೀಲಿಯಿಂದ ಬಂದ ಕೋರಿಕೆಗೆ ಸರ್ವರ್ ‘ಆಗದು’ ಎಂದೂ ಹೇಳದೆ ಸುಮ್ಮನಿರುವಂತೆ ಅದನ್ನು ರೂಪಿಸಲಾಗಿದೆ. ಆದ್ದರಿಂದ ನೋಡಬೇಕಾದ್ದು, ಎರಡೂ ಕಡೆಯವು ಪರಸ್ಪರ ಗುರುತಿಸಿಕೊಂಡ ಕೊನೆಯ ಸಮಯವನ್ನು ತೋರಿಸುವ ‘ಲೇಟೆಸ್ಟ್ ಹ್ಯಾಂಡ್‌ಶೇಕ್’ ಎಂಬ ಸಾಲನ್ನು. ಆ ಸಾಲೇ ಕಾಣದಿದ್ದರೆ, ಅಥವಾ ಕಳುಹಿಸಿದ ಬೈಟ್‌ಗಳು ಏರುತ್ತಿದ್ದರೂ ಬಂದ ಬೈಟ್‌ಗಳು ಸೊನ್ನೆಯಲ್ಲೇ ನಿಂತಿದ್ದರೆ, ನಿಮ್ಮ ಮಾತು ಆ ಕಡೆ ತಲುಪಿಲ್ಲ. ಕೀಲಿ ತಪ್ಪಾಗಿರಬಹುದು, ಸಾಮಾನ್ಯವಾಗಿ ಬಳಸುವ 51820ನೇ ಯುಡಿಪಿ ಪೋರ್ಟ್, ಅಂದರೆ ಈ ಸಂಚಾರ ಒಳಬರುವ ಬಾಗಿಲು, ಕಚೇರಿಯ ರೂಟರಿನಲ್ಲಿ ತೆರೆದಿಲ್ಲದಿರಬಹುದು, ಅಥವಾ ಕಚೇರಿಯಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಅಲ್ಲಿನ ಐಪಿ ವಿಳಾಸ (ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆ) ಬದಲಾಗಿರಬಹುದು. ಸರ್ವರ್ ವಿಳಾಸವನ್ನು ಹೆಸರಿನ ರೂಪದಲ್ಲಿ ಕೊಟ್ಟಿದ್ದರೂ ವೈರ್‌ಗಾರ್ಡ್ ಅದನ್ನು ಚಾಲೂ ಆಗುವಾಗ ಮಾತ್ರ ಹುಡುಕಿಕೊಳ್ಳುತ್ತದೆ. ಒಮ್ಮೆ ಡಿಆ್ಯಕ್ಟಿವೇಟ್ ಮಾಡಿ ಮತ್ತೆ ಆ್ಯಕ್ಟಿವೇಟ್ ಮಾಡಿದರೆ ಸರಿಹೋಗುತ್ತದೆ. ಕಚೇರಿಯ ರೂಟರಿಗೆ ಸಿಕ್ಕಿರುವ ಹೊರವಿಳಾಸವು 100.64ರಿಂದ 100.127ರವರೆಗಿನ ಅಂಕಿಗಳಿಂದ ಶುರುವಾಗಿದ್ದರೆ ಪೋರ್ಟ್ ತೆರೆದೂ ಫಲವಿಲ್ಲ. ಆ ವಿಳಾಸ ಹಲವು ಗ್ರಾಹಕರಿಗೆ ಹಂಚಿಕೆಯಾದ ಜಾಲದ್ದು. ಇಂಟರ್‌ನೆಟ್ ಕಂಪನಿಯಿಂದ ಬದಲಾಗದ ಸ್ವಂತ ವಿಳಾಸ, ಅಂದರೆ ಸ್ಟ್ಯಾಟಿಕ್ ಐಪಿ ಪಡೆಯಬೇಕು.

ಹ್ಯಾಂಡ್‌ಶೇಕ್ ಆಗಿದೆ ಎಂದಿಟ್ಟುಕೊಳ್ಳೋಣ. ಈಗ ಕಮಾಂಡ್ ಪ್ರಾಂಪ್ಟ್ ತೆರೆದು ಮೂರು ಸಲ ಪಿಂಗ್ ಮಾಡಿ, ಅಂದರೆ ಉತ್ತರ ಬರುತ್ತದೆಯೇ ಎಂದು ಕೂಗಿ ನೋಡಿ: ಮೊದಲು ವಿಪಿಎನ್ ಸರ್ವರಿನ ಒಳವಿಳಾಸಕ್ಕೆ, ಬಳಿಕ ಕಚೇರಿಯಲ್ಲಿ ನಿಮಗೆ ಬೇಕಾದ ಕಂಪ್ಯೂಟರಿನ ಐಪಿ ವಿಳಾಸಕ್ಕೆ, ಕೊನೆಗೆ ಅದೇ ಕಂಪ್ಯೂಟರಿಗೆ ಹೆಸರಿನಿಂದ. ಎಲ್ಲಿ ಉತ್ತರ ನಿಲ್ಲುತ್ತದೆಯೋ ತೊಂದರೆ ಅಲ್ಲಿದೆ. ಈ ಕ್ರಮ ಬಿಟ್ಟು ಏಕಕಾಲಕ್ಕೆ ನಾಲ್ಕು ಸೆಟ್ಟಿಂಗ್ ಬದಲಾಯಿಸಿದವರು, ಆಮೇಲೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ಹೇಳಲಾರರು.

ಸರ್ವರ್ ಉತ್ತರಿಸಿ ಕಚೇರಿಯ ಕಂಪ್ಯೂಟರ್ ಉತ್ತರಿಸದಿರುವುದೇ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ತೊಂದರೆ. ಮೊದಲ ಅನುಮಾನ ವಿಳಾಸಗಳ ಘರ್ಷಣೆಯ ಮೇಲಿರಲಿ. ಅಂಗಡಿಯಿಂದ ತಂದ ಬಹಳಷ್ಟು ರೂಟರ್‌ಗಳು ಒಳಜಾಲಕ್ಕೆ 192.168.0 ಅಥವಾ 192.168.1ರಿಂದ ಶುರುವಾಗುವ ವಿಳಾಸಗಳ ಸಾಲನ್ನೇ ಕೊಡುತ್ತವೆ. ಕಚೇರಿಯಲ್ಲೂ 192.168.1, ಮನೆಯಲ್ಲೂ 192.168.1 ಆಗಿಬಿಟ್ಟರೆ, ನೀವು ಕಚೇರಿಯ 192.168.1.50 ಅನ್ನು ಕೇಳಿದಾಗ ಕಂಪ್ಯೂಟರ್ ಅದನ್ನು ಮನೆಯಲ್ಲೇ ಹುಡುಕಬಹುದು: ಮಲ್ಲೇಶ್ವರದ 8ನೇ ಕ್ರಾಸಿಗೆ ಹೋಗಬೇಕಾದ ಆಟೋ, ಬಡಾವಣೆಯ ಹೆಸರು ಹೇಳದ ಕಾರಣ ನಿಮ್ಮದೇ ಬಡಾವಣೆಯ 8ನೇ ಕ್ರಾಸಿನಲ್ಲಿ ಸುತ್ತಿದಂತೆ. ಐಪಿಕಾನ್ಫಿಗ್ ಆದೇಶ ಕೊಟ್ಟು ಮನೆಯ ವಿಳಾಸದ ಚುಕ್ಕಿಗಳಿಂದ ಬೇರ್ಪಟ್ಟ ಮೊದಲ ಮೂರು ಸಂಖ್ಯೆಗಳನ್ನು ಕಚೇರಿಯದರೊಂದಿಗೆ ಹೋಲಿಸಿದರೆ ಇದು ತಕ್ಷಣ ಗೊತ್ತಾಗುತ್ತದೆ.

ಸರಿಯಾದ ಪರಿಹಾರವೆಂದರೆ ಎರಡರಲ್ಲಿ ಒಂದು ಜಾಲದ ಸಾಲನ್ನು ಬದಲಾಯಿಸುವುದು. ಕಚೇರಿಯ ಕಡೆ ಬದಲಾಯಿಸುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ, ಅಲ್ಲಿ 10.57.20 ಎಂಬಂಥ ಯಾರೂ ಸಾಮಾನ್ಯವಾಗಿ ಬಳಸದ ಸಾಲನ್ನು ಇಟ್ಟುಕೊಂಡರೆ ಎಷ್ಟು ಜನರ ಮನೆಯಿಂದ ಸೇರಿದರೂ ಘರ್ಷಣೆಯಾಗುವ ಸಂಭವ ಕಡಿಮೆ. ಆದರೆ ಪ್ರಿಂಟರ್, ಕ್ಯಾಮೆರಾ ರೆಕಾರ್ಡರ್, ಹಾಜರಿ ಯಂತ್ರಗಳಿಗೆ ಕೈಯಾರೆ ಕೊಟ್ಟಿರುವ ವಿಳಾಸಗಳನ್ನೂ ಬದಲಿಸಬೇಕಾಗುತ್ತದಾದ್ದರಿಂದ ಇದನ್ನು ಭಾನುವಾರ ಮಾಡಿ. ವೈರ್‌ಗಾರ್ಡ್ ಫೈಲಿನಲ್ಲಿ ‘ಅಲೌಡ್ ಐಪೀಸ್’ ಎಂಬ ಸಾಲನ್ನು (ವಿಪಿಎನ್ ಮೂಲಕ ಹೋಗಬೇಕಾದ ವಿಳಾಸಗಳ ಪಟ್ಟಿ) ಹೊಸ ವಿಳಾಸಕ್ಕೆ ತಿದ್ದುವುದನ್ನು ಮರೆಯಬೇಡಿ. ಕಚೇರಿಯವರು ಒಪ್ಪದಿದ್ದರೆ ಮನೆಯ ರೂಟರಿನ ಲ್ಯಾನ್ ಸೆಟ್ಟಿಂಗ್‌ನಲ್ಲಿ ವಿಳಾಸವನ್ನು 192.168.73.1 ಎಂದು ಮಾಡಿ, ರೂಟರನ್ನೂ ಕಂಪ್ಯೂಟರನ್ನೂ ಒಮ್ಮೆ ಆರಿಸಿ ಹಾಕಿ.

ಘರ್ಷಣೆ ಇಲ್ಲವೆಂದಾದರೆ ಮುಂದಿನ ಪ್ರಶ್ನೆ ದಾರಿಯದು. ವಿಂಡೋಸ್‌ನ ಸ್ವಂತ ವಿಪಿಎನ್‌ನಲ್ಲಿ, ಅಡಾಪ್ಟರಿನ ಐಪಿವಿ4 ಗುಣಲಕ್ಷಣಗಳ ಅಡ್ವಾನ್ಸ್ಡ್ ಪುಟದಲ್ಲಿ ‘ಯೂಸ್ ಡೀಫಾಲ್ಟ್ ಗೇಟ್‌ವೇ ಆನ್ ರಿಮೋಟ್ ನೆಟ್‌ವರ್ಕ್’ ಎಂಬ ಚೌಕವಿದೆ. ಗುರುತು ಹಾಕಿದ್ದರೆ ಮಕ್ಕಳು ನೋಡುವ ಯೂಟ್ಯೂಬ್ ಕೂಡ ಕಚೇರಿಯನ್ನು ಸುತ್ತಿ ಬರುತ್ತದೆ. ತೆಗೆದರೆ ಕಚೇರಿಯ ಜಾಲಕ್ಕೆ ದಾರಿಯೇ ಇಲ್ಲದಂತಾಗಬಹುದು, ಏಕೆಂದರೆ ಆಗ ವಿಂಡೋಸ್ ತನಗೆ ಸಿಕ್ಕ ವಿಪಿಎನ್ ವಿಳಾಸದ ವರ್ಗಕ್ಕೆ ಮಾತ್ರ ದಾರಿ ಹಾಕಿಕೊಳ್ಳುತ್ತದೆ. ವಿಪಿಎನ್ ವಿಳಾಸ 10ರಿಂದ ಶುರುವಾಗಿ ಕಚೇರಿಯದು 192.168ರಿಂದ ಶುರುವಾಗಿದ್ದರೆ, ಪವರ್‌ಶೆಲ್‌ನಲ್ಲಿ ಆ್ಯಡ್-ವಿಪಿಎನ್‌ಕನೆಕ್ಷನ್‌ರೂಟ್ ಆದೇಶದಿಂದ ದಾರಿಯನ್ನು ನೀವೇ ಸೇರಿಸಬೇಕು. ಕಂಪನಿಯ ನೀತಿ ಬೇರೆ ಹೇಳದ ಹೊರತು ಕಚೇರಿಯ ಸಂಚಾರವನ್ನು ಮಾತ್ರ ವಿಪಿಎನ್‌ಗೆ ಬಿಡುವುದೇ ವಾಸಿ.

ದಾರಿಯೂ ಸರಿಯಿದ್ದು ಕಂಪ್ಯೂಟರ್ ಮೌನವಾಗಿದ್ದರೆ ಹೊರಗಿನವರನ್ನು ತಡೆಯುವ ಅದರ ಫೈರ್‌ವಾಲ್ ನೋಡಿ. ವಿಂಡೋಸ್ ಫೈರ್‌ವಾಲ್ ಖಾಸಗಿ ಜಾಲದಲ್ಲಿ ಫೈಲ್ ಹಂಚಿಕೆಗೂ ಪಿಂಗ್‌ಗೂ ಸಾಮಾನ್ಯವಾಗಿ ತನ್ನದೇ ಸಾಲಿನ ವಿಳಾಸಗಳಿಗೆ ಮಾತ್ರ ಅವಕಾಶ ಕೊಡುತ್ತದೆ; ವಿಪಿಎನ್ ಮೂಲಕ ಬಂದವರು ಬೇರೆ ಸಾಲಿನವರು. ಆ ನಿಯಮದ ಸ್ಕೋಪ್ ಪುಟದಲ್ಲಿ ವಿಪಿಎನ್ ವಿಳಾಸಗಳನ್ನು ಸೇರಿಸಿದರೆ ಸಾಕು. ಇಡೀ ಫೈರ್‌ವಾಲ್ ಆರಿಸಿ ‘ಈಗ ಬರುತ್ತಿದೆ’ ಎಂದು ಎದ್ದುಹೋಗುವವರಿದ್ದಾರೆ, ಅವರನ್ನು ಮತ್ತೆ ಕರೆಯಬೇಡಿ. ಕಚೇರಿಯ ಕಂಪ್ಯೂಟರ್ ಸ್ಲೀಪ್‌ಗೆ ಹೋಗಿದೆಯೇ ಎಂಬುದನ್ನೂ ವಿಚಾರಿಸಿ.

ಹೆಸರಿನಿಂದ ಮಾತ್ರ ಸಿಗದಿದ್ದರೆ ಅದು ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಾದ ಡಿಎನ್‌ಎಸ್ ತೊಂದರೆ. ವೈರ್‌ಗಾರ್ಡ್ ಫೈಲಿನ ಡಿಎನ್‌ಎಸ್ ಸಾಲಿನಲ್ಲಿ ಕಚೇರಿಯ ಡಿಎನ್‌ಎಸ್ ಸರ್ವರ್ ಇರಬೇಕು. ಅಂಥ ಸರ್ವರೇ ಇಲ್ಲದ ಸಣ್ಣ ಕಚೇರಿಯಲ್ಲಿ ಐಪಿ ವಿಳಾಸವನ್ನೇ ಬಳಸಿ. ಎಲ್ಲ ಸಂಚಾರವೂ ವಿಪಿಎನ್ ಮೂಲಕವೇ ಹೋಗಬೇಕೆಂದಿದ್ದರೆ, ಹಳೆಯ ಬಗೆಯ ವಿಳಾಸವಾದ ಐಪಿವಿ4ರ ಜೊತೆಗೆ ಹೊಸ ಬಗೆಯ ಐಪಿವಿ6ರ ದಾರಿಯನ್ನೂ ಸೇರಿಸಿರಬೇಕು. ಇಲ್ಲವಾದರೆ ಐಪಿವಿ6 ಕೊಡುವ ಮನೆಯ ಸಂಪರ್ಕದಲ್ಲಿ ಅರ್ಧ ಸಂಚಾರ ಸದ್ದಿಲ್ಲದೆ ಹೊರಗಿನಿಂದಲೇ ಹೋಗುತ್ತದೆ.

ಪಿಂಗ್ ಬರುತ್ತದೆ, ಪಾಸ್‌ವರ್ಡ್ ಪುಟವೂ ಬರುತ್ತದೆ, ದೊಡ್ಡ ಫೈಲು ಮಾತ್ರ ಅರ್ಧಕ್ಕೆ ನಿಲ್ಲುತ್ತದೆ ಎಂಬ ದೂರಿಗೆ ಕಾರಣ ಬಹುತೇಕ ಎಂಟಿಯು, ಅಂದರೆ ಒಂದು ಪೊಟ್ಟಣದ ಗರಿಷ್ಠ ಗಾತ್ರ. ಮೊಬೈಲ್ ಹಾಟ್‌ಸ್ಪಾಟ್‌ನಿಂದ ಸೇರಿದಾಗ ಇದು ಹೆಚ್ಚು. ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಬೈಟ್ ಇಟ್ಟುಕೊಳ್ಳುತ್ತದೆ. ಫೈಲಿನ ಇಂಟರ್‌ಫೇಸ್ ಭಾಗದಲ್ಲಿ ಎಂಟಿಯು 1280 ಎಂದು ಬರೆದು ನೋಡಿ. ಸರಿಹೋದರೆ ಹಾಗೆಯೇ ಬಿಡಿ, ವೇಗದಲ್ಲಿ ನಿಮಗೆ ತಿಳಿಯುವಂಥ ನಷ್ಟವಿಲ್ಲ.

ದೋಷಸಂಖ್ಯೆಗಳು, ಗಡಿಯಾರ

ವಿಂಡೋಸ್‌ನ ಸ್ವಂತ ವಿಪಿಎನ್ ಕೊಡುವ ಸಂಖ್ಯೆಗಳು ಉಪಯುಕ್ತ. 691 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 868 ಎಂದರೆ ಸರ್ವರಿನ ಹೆಸರಿಗೆ ವಿಳಾಸ ಸಿಗಲಿಲ್ಲ. ಎಲ್2ಟಿಪಿಯಲ್ಲಿ 789 ಬಂದರೆ ಹಂಚಿಕೊಂಡ ಕೀಲಿಯನ್ನು ಮತ್ತೆ ಟೈಪ್ ಮಾಡಿ. 809 ಎಂದರೆ ಸರ್ವರ್ ಉತ್ತರಿಸುತ್ತಿಲ್ಲ, ಯುಡಿಪಿ 500 ಮತ್ತು 4500 ಪೋರ್ಟ್‌ಗಳು ಎಲ್ಲೋ ಮುಚ್ಚಿರಬಹುದು. ಐಕೆಇವಿ2ರಲ್ಲಿ 13801 ಬಂದರೆ ಸರ್ವರಿನ ಗುರುತನ್ನು ಸಾಬೀತುಪಡಿಸುವ ಪ್ರಮಾಣಪತ್ರದ ತೊಂದರೆ.

ಹಳೆಯ ಡೆಸ್ಕ್‌ಟಾಪ್ ಆಗಿದ್ದರೆ ಪ್ರಮಾಣಪತ್ರವನ್ನು ದೂರುವ ಮೊದಲು ಪರದೆಯ ಮೂಲೆಯ ಗಡಿಯಾರ ನೋಡಿ. ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಮುಗಿದಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ಆಗ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ಕಂಪ್ಯೂಟರ್ ತಿಳಿಯುತ್ತದೆ. ವೈರ್‌ಗಾರ್ಡ್‌ಗೆ ಪ್ರಮಾಣಪತ್ರವಿಲ್ಲದಿದ್ದರೂ ಈ ತೊಂದರೆ ತಪ್ಪದು: ಪ್ರತಿ ಹ್ಯಾಂಡ್‌ಶೇಕ್‌ನಲ್ಲಿ ಸಮಯವನ್ನೂ ಕಳುಹಿಸಲಾಗುತ್ತದೆ, ಈ ಹಿಂದೆ ಕಂಡದ್ದಕ್ಕಿಂತ ಹಳೆಯ ಸಮಯ ಬಂದರೆ ಯಾರೋ ಹಳೆಯ ಸಂದೇಶವನ್ನೇ ಮತ್ತೆ ಕಳುಹಿಸುತ್ತಿದ್ದಾರೆಂದು ಸರ್ವರ್ ಅದನ್ನು ಬಿಸಾಡುತ್ತದೆ. ದಿನಾಂಕ ಸರಿಪಡಿಸಿ, ಸಿಂಕ್ ನೌ ಒತ್ತಿ, ಎಸ್.ಪಿ. ರಸ್ತೆಯಲ್ಲಾಗಲಿ ಬೀದಿಯ ಗಡಿಯಾರದಂಗಡಿಯಲ್ಲಾಗಲಿ ಸಿಗುವ ಆ ಬ್ಯಾಟರಿಯನ್ನು ಬದಲಾಯಿಸಿ.

ಎಲ್ಲವೂ ಸರಿಹೋದ ಮೇಲೆ ಟ್ಯಾಲಿಯ ಡೇಟಾ ಫೋಲ್ಡರನ್ನು ಮನೆಯ ಕಂಪ್ಯೂಟರಿಗೆ ಡ್ರೈವ್‌ನಂತೆ ಜೋಡಿಸಿ ತೆರೆಯಬೇಡಿ. ನಿಧಾನವಾಗುವುದಲ್ಲದೆ ನಡುವೆ ಸಂಪರ್ಕ ಕಡಿದರೆ ಡೇಟಾ ಕೆಡುವ ಭಯವಿದೆ. ವಿಪಿಎನ್ ಮೂಲಕ ರಿಮೋಟ್ ಡೆಸ್ಕ್‌ಟಾಪ್ ಬಳಸಿ ಕಚೇರಿಯ ಯಂತ್ರದಲ್ಲೇ ಟ್ಯಾಲಿ ನಡೆಸಿ, ಇದಕ್ಕೆ ಆ ಯಂತ್ರದಲ್ಲಿ ವಿಂಡೋಸ್‌ನ ಪ್ರೊ ಆವೃತ್ತಿ ಇರಬೇಕು. ವಿಪಿಎನ್ ತೊಡಕೆಂದು ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟನ್ನು ರೂಟರಿನಲ್ಲಿ ನೇರವಾಗಿ ತೆರೆದಿಡುವ ಅಡ್ಡದಾರಿ ಮಾತ್ರ ಬೇಡ. ಅಂಥ ತೆರೆದ ಪೋರ್ಟ್‌ಗಳನ್ನು ಹುಡುಕುತ್ತ ಪಾಸ್‌ವರ್ಡ್ ಊಹಿಸುವ ತಂತ್ರಾಂಶಗಳು ಹಗಲಿರುಳು ಓಡುತ್ತಿರುತ್ತವೆ. ಡೆಸ್ಕ್‌ಟಾಪ್ ಹಳೆಯದಾಗಿ ಮಾರುವುದಾದರೆ, ಅಥವಾ ಲೆಕ್ಕಿಗರು ಕೆಲಸ ಬಿಟ್ಟರೆ, ಮನೆಯ ಯಂತ್ರದಿಂದ ಫೈಲು ಅಳಿಸುವುದಷ್ಟೇ ಸಾಲದು, ಕಚೇರಿಯ ಸರ್ವರಿನಲ್ಲಿ ಆ ಯಂತ್ರದ ಸಾರ್ವಜನಿಕ ಕೀಲಿಯನ್ನೂ (ಖಾಸಗಿ ಕೀಲಿಯ ಜೋಡಿ) ಅದೇ ದಿನ ತೆಗೆಸಿ.